ಮ್ಯೂಸಿಕ್ ಪ್ಲೇಯರ್ ಕೊಳ್ಳುವ ಮುಂಚೆ ಬ್ಯಾಟರಿಯ ಲೆಕ್ಕ: ಯಾವುದು ಯಾರಿಗೆ?

ಒಂದು ಡಬ್ಬದ ಮೇಲೆ 36 ಗಂಟೆ ಎಂದಿದೆ, ಇನ್ನೊಂದರ ಮೇಲೆ 15, ಮತ್ತೊಂದರ ಮೇಲೆ 5. ಬೆಲೆ ನೋಡಿದರೆ ದುಡ್ಡಿಗೂ ಗಂಟೆಗೂ ಸಂಬಂಧವೇ ಕಾಣುವುದಿಲ್ಲ. ಐದಾರು ಸಾವಿರದ ಪ್ಲೇಯರ್ 15 ಗಂಟೆ ಹಾಡುತ್ತದೆ, ಅದರ ಮೂರು ಪಟ್ಟು ಬೆಲೆಯದು 12 ಗಂಟೆಗೇ ಸುಸ್ತು. ಮೂರು ಸಾವಿರದ ಕೀಪ್ಯಾಡ್ ಫೋನು ಎರಡನ್ನೂ ಹಿಂದೆ ಹಾಕುತ್ತದೆ. ಹಾಸ್ಟೆಲ್ಲಿಗೆ ಹೊರಟ ಮಗಳಿಗೆ ಯಾವುದು, ಮನೆಯಲ್ಲಿ ಕೂತು ಭಾವಗೀತೆ ಕೇಳುವ ಅಪ್ಪನಿಗೆ ಯಾವುದು, ಕರೆಂಟ್ ನಂಬಲಾಗದ ತೋಟದ ಮನೆಗೆ ಯಾವುದು ಎಂದು ಕೇಳಿದರೆ ಉತ್ತರ ಮೂರೂ ಬೇರೆ. ಡಬ್ಬದ ಮೇಲಿನ ಅಂಕಿ ನೋಡಿ ಆರಿಸಿದರೆ ಮೂವರಿಗೂ ತಪ್ಪಾದದ್ದೇ ಸಿಗುವ ಸಾಧ್ಯತೆ ಹೆಚ್ಚು.

ಅಳೆಯುವುದು ಹೇಗೆ

ಮೊದಲು ಕೇಳಿಕೊಳ್ಳಬೇಕಾದ್ದು: ಒಂದು ಪ್ಲಗ್‌ನಿಂದ ಇನ್ನೊಂದು ಪ್ಲಗ್ ಸಿಗುವವರೆಗೆ ನಿಮಗೆ ಎಷ್ಟು ಹೊತ್ತು ಹಾಡು ಬೇಕು? ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಓಡಾಡುವವರಿಗೆ 8 ಗಂಟೆ ಸಾಕು, ರಾತ್ರಿ ಹೇಗೂ ಚಾರ್ಜಿಗೆ ಹಾಕುತ್ತೀರಿ. ಬೆಂಗಳೂರಿನಿಂದ ದೆಹಲಿಗೆ ರೈಲಿನಲ್ಲಿ ಹೋಗುವವರಿಗೆ ಹಾಗಲ್ಲ. ಬೆಂಕಿ ಅವಘಡದ ಭಯದಿಂದ ರೈಲ್ವೆ 2021ರಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ಬೋಗಿಯ ಚಾರ್ಜಿಂಗ್ ಪಾಯಿಂಟ್‌ಗಳ ವಿದ್ಯುತ್ ನಿಲ್ಲಿಸಲು ತೀರ್ಮಾನಿಸಿತು. ನಿದ್ದೆ ಬಾರದವರು ಹಾಡು ಕೇಳುವ ಹೊತ್ತೇ ಅದು. ಇನ್ನು ಆಷಾಢದ ಮಳೆಯಲ್ಲಿ ಮಲೆನಾಡಿನ ಒಂಟಿ ಮನೆಗಳಲ್ಲಿ ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಕರೆಂಟೇ ಇರದು. ಅಲ್ಲಿ ಗಂಟೆಗಿಂತ ಮುಖ್ಯವಾದದ್ದು ಸೆಲ್ ಬದಲಿಸಬಹುದೇ ಎನ್ನುವುದು.

ಎರಡನೆಯದು, ಹಾಡು ಕಿವಿಗೋ ಕೋಣೆಗೋ? ಈ ಒಂದು ಪ್ರಶ್ನೆಯೇ ಅರ್ಧ ಆಯ್ಕೆಗಳನ್ನು ಬದಿಗೆ ಸರಿಸುತ್ತದೆ. ಕಿವಿಯೊಳಗೆ ಕೂರುವ ಸಾಮಾನ್ಯ ಇಯರ್‌ಫೋನಿಗೆ ಒಂದು ಮಿಲಿವ್ಯಾಟ್ ಸಿಕ್ಕರೆ ಕಿವಿ ಗುಂಯ್‌ಗುಡುವಷ್ಟು ಜೋರಾಗುತ್ತದೆ. ಕೋಣೆ ತುಂಬಬೇಕಾದ ಸ್ಪೀಕರಿಗೆ ಅರ್ಧ ವ್ಯಾಟ್, ಒಂದು ವ್ಯಾಟ್ ಬೇಕು. ಅಂದರೆ ನೂರಾರು ಪಟ್ಟು. ಅಂಗೈಯಷ್ಟಿರುವ ಇಯರ್‌ಫೋನ್ ಪ್ಲೇಯರ್ 15 ಗಂಟೆ ಓಡಿ, ಅದರ ಹತ್ತು ಪಟ್ಟು ಗಾತ್ರದ ಸ್ಪೀಕರ್ ಪೆಟ್ಟಿಗೆ 5 ಗಂಟೆಗೆ ನಿಲ್ಲುವುದು ಇದೇ ಕಾರಣಕ್ಕೆ.

ಇಲ್ಲೇ ಇನ್ನೊಂದು ಮಾತೂ ಹುಟ್ಟುತ್ತದೆ. ಕಿವಿಗೆ ಬೇಕಾದ್ದು ಒಂದು ಮಿಲಿವ್ಯಾಟ್ ಆದರೆ ಪ್ಲೇಯರ್ ಎಳೆಯುವುದು ನೂರಾರು ಮಿಲಿವ್ಯಾಟ್. ಉಳಿದದ್ದೆಲ್ಲ ಪ್ರೊಸೆಸರ್, ಪರದೆ, ವೈ-ಫೈ, ಡಿಜಿಟಲ್ ಫೈಲನ್ನು ದನಿಯ ಸಂಕೇತವಾಗಿಸುವ ಡ್ಯಾಕ್ ಚಿಪ್, ಆಂಪ್ಲಿಫಯರ್ ಇವುಗಳ ಖರ್ಚು. ಬ್ಯಾಟರಿಯ ಬಾಳಿಕೆ ಎಂದರೆ ಬಹುಪಾಲು ಈ ಮೇಲುಖರ್ಚಿನ ಲೆಕ್ಕವೇ.

ಅದನ್ನು ಹಿಡಿಯಲು ಸುಲಭವಾದ ಭಾಗಾಕಾರವಿದೆ. ಬ್ಯಾಟರಿಯ ಎಂಎಎಚ್ (ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬುದರ ಅಳತೆ) ಅಂಕಿಯನ್ನು ಕಂಪನಿ ಹೇಳುವ ಗಂಟೆಯಿಂದ ಭಾಗಿಸಿ. ಬರುವುದು ಆ ಯಂತ್ರ ಸರಾಸರಿ ಎಳೆಯುವ ಮಿಲಿಆಂಪ್. ಶಾನ್‌ಲಿಂಗ್ ಎಂ0 ಪ್ರೊ: 650 ಎಂಎಎಚ್, 14.5 ಗಂಟೆ, ಅಂದರೆ 45 ಮಿಲಿಆಂಪ್. ಫಿಯೋ ಕಂಪನಿಯ ಸ್ನೋಸ್ಕೈ ಎಕೋ ಮಿನಿ: 1100 ಎಂಎಎಚ್, 15 ಗಂಟೆ, 73 ಮಿಲಿಆಂಪ್. ಅದೇ ಕಂಪನಿಯ ಆಂಡ್ರಾಯ್ಡ್ ಪ್ಲೇಯರ್ ಜೆಎಂ21: 2400 ಎಂಎಎಚ್ ಇದ್ದೂ ಸುಮಾರು 12 ಗಂಟೆ, ಹೆಚ್ಚು ಕಡಿಮೆ 200 ಮಿಲಿಆಂಪ್. ದೊಡ್ಡ ಬ್ಯಾಟರಿ ಎಂದು ಹಿಗ್ಗುವ ಮುನ್ನ ಈ ಭಾಗಾಕಾರ ಮಾಡಿ ನೋಡಿ. ಬರೀ ಎಂಎಎಚ್ ಹೇಳುವುದು ಟ್ಯಾಂಕ್ ಎಷ್ಟು ದೊಡ್ಡದು ಎಂದಷ್ಟೇ, ಮೈಲೇಜ್ ಅಲ್ಲ.

ಮೂರನೆಯದು, ಆ ಗಂಟೆ ಯಾವ ಷರತ್ತಿನಲ್ಲಿ ಬಂದದ್ದು? ಪರದೆ ಆರಿಸಿ, ಬ್ಲೂಟೂತ್ ವೈ-ಫೈ ಎರಡೂ ನಿಲ್ಲಿಸಿ, ಹಗುರವಾದ ಫೈಲ್ ಹಾಕಿ, ಮಧ್ಯಮ ವಾಲ್ಯೂಮ್‌ನಲ್ಲಿ ಅಳೆದ ಸಂಖ್ಯೆ ಅದು. ಸೋನಿ ಒಂದಿಷ್ಟು ಪ್ರಾಮಾಣಿಕವಾಗಿ ಫೈಲಿಗೆ ತಕ್ಕ ಹಾಗೆ ಬೇರೆಬೇರೆ ಅಂಕಿ ಕೊಡುತ್ತದೆ. ಎನ್‌ಡಬ್ಲ್ಯು-ಎ306 ವಾಕ್‌ಮನ್‌ನಲ್ಲಿ 44.1 ಕಿಲೋಹರ್ಟ್ಸ್ ಫ್ಲ್ಯಾಕ್ ಫೈಲಿಗೆ (ದನಿಯ ಗುಣ ಕಳೆಯದೆ ಉಳಿಸುವ ದೊಡ್ಡ ಫೈಲ್) 36 ಗಂಟೆ, ಅದಕ್ಕಿಂತ ಭಾರದ 96 ಕಿಲೋಹರ್ಟ್ಸ್‌ಗೆ 32. ಅದಕ್ಕಿಂತ ದುಬಾರಿ ಎನ್‌ಡಬ್ಲ್ಯು-ಜೆಡ್‌ಎಕ್ಸ್707ರಲ್ಲಿ 44.1ರ ಫೈಲಿಗೇ 25 ಗಂಟೆ. ದುಡ್ಡು ಜಾಸ್ತಿ ಕೊಟ್ಟಾಗ ಕೊಂಡದ್ದು ಬಲವಾದ ಆಂಪ್ಲಿಫಯರ್, ಗಂಟೆಗಳಲ್ಲ.

ಕೊನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ: ಬ್ಯಾಟರಿ ಸತ್ತ ಮೇಲೆ ಏನು ಗತಿ? ಲಿಥಿಯಂ ಬ್ಯಾಟರಿ 300ರಿಂದ 500 ಪೂರ್ತಿ ಚಾರ್ಜ್‌ಗಳ ನಂತರ ಮೂಲ ಸಾಮರ್ಥ್ಯದ ನೂರಕ್ಕೆ ಸುಮಾರು 80 ಭಾಗಕ್ಕೆ ಇಳಿಯುತ್ತದೆ. ದಿನಕ್ಕೆ 3 ಗಂಟೆ ಕೇಳುವವರು 15 ಗಂಟೆಯ ಪ್ಲೇಯರ್ ಇಟ್ಟುಕೊಂಡರೆ ಐದು ದಿನಕ್ಕೊಮ್ಮೆ ಚಾರ್ಜ್, ವರ್ಷಕ್ಕೆ 75ರ ಆಸುಪಾಸು. ಐದಾರು ವರ್ಷ ಚಿಂತೆಯಿಲ್ಲ. ಅದೇ 5 ಗಂಟೆಯ ಪೆಟ್ಟಿಗೆಯನ್ನು ದಿನಾ ಪೂರ್ತಿ ಖಾಲಿ ಮಾಡಿದರೆ ವರ್ಷದಲ್ಲೇ 365 ಆಯಿತು, ಎರಡನೇ ವರ್ಷ 4 ಗಂಟೆಗೆ ಬಂದು ನಿಂತಿರುತ್ತದೆ. ಹೆಚ್ಚು ಗಂಟೆ ಓಡುವ ಯಂತ್ರ ಹೆಚ್ಚು ವರ್ಷವೂ ಓಡುತ್ತದೆ. ಹತ್ತಿರದಲ್ಲೇ ಪ್ಲಗ್ ಇರುವವರೂ ಗಂಟೆಗಳ ಕಡೆ ನೋಡಬೇಕಾದ್ದು ಇದಕ್ಕಾಗಿ.

ಕೈಯಲ್ಲಿರುವ ಫೋನು, ಪೆಟ್ಟಿಗೆಯಲ್ಲಿರುವ ಹಳೇ ಫೋನು

ಹೊಸದನ್ನು ಕೊಳ್ಳುವ ಮುಂಚೆ ಇದನ್ನು ನೋಡಿಬಿಡಿ. ಬರೀ ಹಾಡಿನ ಲೆಕ್ಕಕ್ಕೆ ಬಂದರೆ ಇವತ್ತಿನ ಫೋನುಗಳು ಹೆಚ್ಚಿನ ಪ್ಲೇಯರ್‌ಗಳನ್ನು ಸುಲಭವಾಗಿ ಸೋಲಿಸುತ್ತವೆ. ಐಫೋನ್ 15ಕ್ಕೆ ಆಪಲ್ ಕೊಡುವ ಆಡಿಯೋ ಲೆಕ್ಕ 80 ಗಂಟೆ. ಅದೇ ಕಂಪನಿಯ 160 ಜಿಬಿ ಐಪಾಡ್ ಕ್ಲಾಸಿಕ್ 2009ರಲ್ಲಿ ಕೊಡುತ್ತಿದ್ದದ್ದು 36, 2001ರ ಮೊದಲ ಐಪಾಡ್ 10. ಹಾಗಾದರೆ ಫೋನಿನಲ್ಲಿ ಹಾಡು ಕೇಳಿದರೆ ಬ್ಯಾಟರಿ ಇಳಿಯುತ್ತದೆ ಎಂಬ ದೂರು ಎಲ್ಲಿಂದ ಬಂತು? ಹಾಡಿನಿಂದಲ್ಲ. ಹಾಡಿನ ಹೆಸರಿನಲ್ಲಿ ಪರದೆ ಉರಿಯುತ್ತಿರುತ್ತದೆ, ಯೂಟ್ಯೂಬ್ ವಿಡಿಯೋ ಓಡುತ್ತಿರುತ್ತದೆ, ಘಾಟಿಯಲ್ಲಿ ಸಿಗ್ನಲ್ ಹುಡುಕುತ್ತ ಮೋಡೆಮ್ ಬಿಸಿಯಾಗುತ್ತಿರುತ್ತದೆ. ಸಿಗ್ನಲ್ ದುರ್ಬಲವಾದಷ್ಟೂ ಫೋನು ಹೆಚ್ಚು ಶಕ್ತಿ ಹಾಕಿ ಟವರ್ ಜತೆ ಮಾತಾಡಬೇಕು. ಶಿರಾಡಿ ಘಾಟಿ ಇಳಿಯುವಾಗ ಸ್ಟ್ರೀಮಿಂಗ್ ಹಾಕಿಕೊಂಡವರ ಬ್ಯಾಟರಿ ಮಂಗಳೂರು ಸೇರುವ ಹೊತ್ತಿಗೆ ಅರ್ಧವಾಗಿರುವುದು ಹೀಗೆ.

ಹಾಡುಗಳನ್ನು ಮೊದಲೇ ಇಳಿಸಿಕೊಂಡು, ಪರದೆ ಆರಿಸಿ ಕೇಳಿದರೆ ನಿಮಗೆ ಬೇರೆ ಪ್ಲೇಯರ್ ಬೇಕಿಲ್ಲದೆಯೂ ಇರಬಹುದು. ಬೇಕೆನಿಸುವುದು ಎರಡು ಕಾರಣಕ್ಕೆ. ಒಂದು, ಯುಪಿಐ, ಮ್ಯಾಪ್, ಕರೆ ಎಲ್ಲವೂ ಅದೇ ಬ್ಯಾಟರಿಯನ್ನು ನಂಬಿರುವಾಗ ಹಾಡಿಗೆ ಪಾಲು ಕೊಡಲು ಮನಸ್ಸು ಬಾರದು. ಇನ್ನೊಂದು, ಪರೀಕ್ಷೆಗೆ ಓದುವ ಮಕ್ಕಳ ಕೈಗೆ ಫೋನ್ ಕೊಡದೆ ಹಾಡು ಮಾತ್ರ ಕೊಡಬೇಕೆನ್ನುವ ಆಸೆ.

ಮೊದಲ ಕಾರಣಕ್ಕಾದರೆ ಡ್ರಾಯರ್‌ನಲ್ಲಿರುವ ಹಳೇ ಆಂಡ್ರಾಯ್ಡ್ ಫೋನ್ ಚೆನ್ನಾಗಿ ಒದಗುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿ, ಏರ್‌ಪ್ಲೇನ್ ಮೋಡ್ ಹಾಕಿ, ಒಂದು ಆಫ್‌ಲೈನ್ ಪ್ಲೇಯರ್ ಆ್ಯಪ್ ಬಿಟ್ಟು ಮಿಕ್ಕದ್ದನ್ನೆಲ್ಲ ತೆಗೆದುಹಾಕಿ. ಸಿಮ್ ತೆಗೆದರೆ ಸಾಕು ಎಂದು ಹಲವರು ಅಂದುಕೊಳ್ಳುತ್ತಾರೆ. ಸಾಲದು. ಸಿಮ್ ಇಲ್ಲದ ಫೋನು ತುರ್ತು ಕರೆಗಾಗಿ ನೆಟ್‌ವರ್ಕ್ ಹುಡುಕುತ್ತಲೇ ಇರುತ್ತದೆ, ಏರ್‌ಪ್ಲೇನ್ ಮೋಡ್ ಬೇಕೇ ಬೇಕು. ಬ್ಯಾಟರಿ ಹಳತಾಗಿದ್ದರೆ ಬದಲಿಸಿಕೊಳ್ಳುವ ಖರ್ಚು ಹೊಸ ಪ್ಲೇಯರಿನ ಬೆಲೆಯ ಒಂದು ಪಾಲು. ಹಿಂಬದಿ ಉಬ್ಬಿದ್ದರೆ ಮಾತ್ರ ಚಾರ್ಜಿಗೆ ಹಾಕಲೇಬೇಡಿ, ನೇರ ರಿಪೇರಿಯವರಲ್ಲಿಗೆ ಒಯ್ಯಿರಿ. ಸೂಜಿಯಲ್ಲಿ ಚುಚ್ಚಿ ಗಾಳಿ ಬಿಡುವ ಸಾಹಸ ಮಾಡಿದರೆ ಬೆಂಕಿ ಹತ್ತಿಕೊಳ್ಳುತ್ತದೆ.

3.5 ಎಂಎಂ ಜಾಕ್ ಇಲ್ಲದ ಫೋನಾದರೆ ಚಾರ್ಜಿಂಗ್ ಪೋರ್ಟಿಗೆ ಇಯರ್‌ಫೋನ್ ಜೋಡಿಸುವ ಡಾಂಗಲ್ ಬೇಕು. ಸಣ್ಣ ಬಿಳಿ ಡಾಂಗಲ್‌ಗಳು ಹೆಚ್ಚೇನೂ ಎಳೆಯುವುದಿಲ್ಲ. ಎರಡು ಡ್ಯಾಕ್ ಚಿಪ್ ಕೂರಿಸಿ ಬಲವಾದ ಆಂಪ್ ಹಾಕಿರುವ ದುಬಾರಿ ಡಾಂಗಲ್‌ಗಳು ಫೋನಿನಿಂದಲೇ ವಿದ್ಯುತ್ ಹೀರಿ ಮುಟ್ಟಿದರೆ ಬಿಸಿ ತಿಳಿಯುವಂತಾಗುತ್ತವೆ. ಆ ಬಿಸಿಯೆಲ್ಲ ನಿಮ್ಮ ಬ್ಯಾಟರಿಯಿಂದ ಹೋದದ್ದು.

ಕೀಪ್ಯಾಡ್ ಫೋನು

ಅಗ್ಗದಲ್ಲಿ ಅತಿ ಹೆಚ್ಚು ಗಂಟೆ ಬೇಕೆಂದರೆ ಇದಕ್ಕೆ ಸಾಟಿ ಇಲ್ಲ. 2020ರಲ್ಲಿ ಬಂದ ನೋಕಿಯಾ 5310ರಲ್ಲಿ 1200 ಎಂಎಎಚ್‌ನ ಕಳಚುವ ಬ್ಯಾಟರಿ, 3.5 ಎಂಎಂ ಜಾಕ್, 32 ಜಿಬಿವರೆಗಿನ ಮೆಮೊರಿ ಕಾರ್ಡ್ ಜಾಗ, ಬದಿಯಲ್ಲಿ ಹಾಡು ಬದಲಿಸುವ ಗುಂಡಿ ಎಲ್ಲ ಇವೆ. ಇಂಥ ಫೋನು ಹಾಡುವಾಗ 50 ಮಿಲಿಆಂಪ್ ಎಳೆದರೂ 24 ಗಂಟೆ ಆಯಿತು. ಬ್ಯಾಟರಿ ಹೋದರೆ ಉಗುರಿನಿಂದ ಮುಚ್ಚಳ ತೆಗೆದು ಬೇರೆ ಹಾಕುವುದು. ಚಾರ್ಜ್ ಮಾಡಿದ ಎರಡನೇ ಬ್ಯಾಟರಿ ಜೇಬಿನಲ್ಲಿದ್ದರೆ ಪವರ್ ಬ್ಯಾಂಕೂ ಬೇಡ.

ಸೋಲುವುದು ಬೇರೆ ಕಡೆ. ಎಂಪಿ3 ಬಿಟ್ಟು ಫ್ಲ್ಯಾಕ್ ಓದದ ಮಾದರಿಗಳೇ ಹೆಚ್ಚು. ನೂರಾರು ಹಾಡು ತುಂಬಿದರೆ ಪಟ್ಟಿ ತೆರೆಯಲು ಮೀನಮೇಷ ಎಣಿಸುತ್ತದೆ. ಮೂರು ಗಂಟೆಯ ಯಕ್ಷಗಾನ ಪ್ರಸಂಗವನ್ನು ನಡುವೆ ನಿಲ್ಲಿಸಿದರೆ ಮತ್ತೆ ಗಣಪತಿ ಸ್ತುತಿಯಿಂದಲೇ ಶುರು. 64 ಜಿಬಿ ಕಾರ್ಡ್ ಹಾಕಿ ಓದುತ್ತಿಲ್ಲ ಎನ್ನುವವರು ಬಹಳ. 32 ಜಿಬಿಗಿಂತ ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಬರುತ್ತವೆ, ಈ ಫೋನುಗಳಿಗೆ ಗೊತ್ತಿರುವುದು ಫ್ಯಾಟ್32. 32 ಜಿಬಿಯದ್ದೇ ಕೊಂಡರೆ ತಲೆನೋವಿಲ್ಲ. ದನಿಯ ಗುಣವೂ ಸಾಧಾರಣ, ಹಾಡಿನ ನಡುವಿನ ಮೌನದಲ್ಲಿ ಸಣ್ಣ ಸುಯ್‌ ಸದ್ದು ಕೇಳಿಸುವುದುಂಟು. ತೋಟದಲ್ಲಿ ಅಡಿಕೆ ಸುಲಿಯುತ್ತ ಕೇಳುವವರಿಗೆ ಅದು ಲೆಕ್ಕಕ್ಕಿಲ್ಲ.

ಗುಂಡಿಯ ಸಣ್ಣ ಪ್ಲೇಯರ್‌ಗಳು

ಆಂಡ್ರಾಯ್ಡ್ ಇಲ್ಲದ, ವೈ-ಫೈ ಇಲ್ಲದ, ಹಾಡುವುದೊಂದೇ ಕೆಲಸದ ಯಂತ್ರಗಳು ಇವು. ಸ್ಯಾನ್‌ಡಿಸ್ಕ್ ಕ್ಲಿಪ್ ಸ್ಪೋರ್ಟ್‌ಗೆ ಕಂಪನಿ ಹೇಳುವುದು 25 ಗಂಟೆ, ಅದರ ಅಗ್ಗದ ತಮ್ಮ ಕ್ಲಿಪ್ ಜ್ಯಾಮ್‌ಗೆ 18. ಸ್ನೋಸ್ಕೈ ಎಕೋ ಮಿನಿ 15, ಶಾನ್‌ಲಿಂಗ್ ಎಂ0 ಪ್ರೊ 14.5. ಗಂಟೆಯಲ್ಲಿ ಕ್ಲಿಪ್ ಮುಂದಿದೆ, ಆದರೆ ದೊಡ್ಡ ಹೆಡ್‌ಫೋನ್, ಬ್ಲೂಟೂತ್ ಯಾವುದಾದರೂ ಬೇಕೆಂದರೆ ಕೊನೆಯ ಎರಡರ ಕಡೆ ಬರಬೇಕು.

ಇವುಗಳಲ್ಲಿ ಗಂಟೆ ತಿನ್ನುವ ಮರೆಯ ಕೈ ಬ್ಯಾಲೆನ್ಸ್ಡ್ ಔಟ್‌ಪುಟ್, ಅಂದರೆ ಎಡ ಬಲ ಕಿವಿಗೆ ಪ್ರತ್ಯೇಕ ದಾರಿಯಲ್ಲಿ ದನಿ ಕಳಿಸುವ ವ್ಯವಸ್ಥೆ. ಸಾಮಾನ್ಯವಾಗಿ 4.4 ಎಂಎಂ ಇರುವ ಆ ಜಾಕ್‌ಗೆ ಹೆಡ್‌ಫೋನ್ ಚುಚ್ಚಿದಾಗ ಎಡಕ್ಕೂ ಬಲಕ್ಕೂ ಜೋಡಿ ಆಂಪ್ಲಿಫಯರ್‌ಗಳು ಎಚ್ಚರಗೊಳ್ಳುತ್ತವೆ. ಎಂ0 ಪ್ರೊನಲ್ಲಿ ಬ್ಯಾಲೆನ್ಸ್ಡ್ ಬಳಸಿದರೆ 14.5 ಗಂಟೆ 10ಕ್ಕೆ ಇಳಿಯುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಸಾವಿರ ರೂಪಾಯಿಯ ಇಯರ್‌ಫೋನಿಗೆ ಬ್ಯಾಲೆನ್ಸ್ಡ್ ಕೇಬಲ್ ಹಾಕುವುದು ಎತ್ತಿನ ಗಾಡಿಗೆ ಲಾರಿ ಎಂಜಿನ್ ಕಟ್ಟಿದಂತೆ. ಆಂಪ್ಲಿಫಯರ್‌ನ ಬಲ ಏರಿಸುವ ಹೈ ಗೇನ್ ಸೆಟ್ಟಿಂಗ್ ಕೂಡ ಅಷ್ಟೇ. 300 ಓಮ್‌ನ, ಅಂದರೆ ಹೆಚ್ಚು ಬಲ ಬೇಡುವ ಹೆಡ್‌ಫೋನ್ ಇದ್ದರೆ ಹಾಕಿ, 16 ಅಥವಾ 32 ಓಮ್ ಇಯರ್‌ಫೋನಿಗೆ ಲೋ ಗೇನ್ ಧಾರಾಳವಾಯಿತು.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಊರೂರ ಜಾತ್ರೆಯಲ್ಲಿ ಮುನ್ನೂರು ರೂಪಾಯಿಗೆ ಸಿಗುವ ಕ್ಲಿಪ್ ಪ್ಲೇಯರ್‌ಗಳ ಬಗ್ಗೆ ಎರಡೇ ಮಾತು. ಒಳಗಿರುವ ಬ್ಯಾಟರಿ ಹೆಬ್ಬೆರಳ ಉಗುರಿನಷ್ಟು. ಮೂರು ಗಂಟೆ ಬಂದರೆ ಪುಣ್ಯ.

ಆಂಡ್ರಾಯ್ಡ್ ಪ್ಲೇಯರ್‌ಗಳು

ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್ ಪ್ಲೇಯರ್‌ನಲ್ಲೇ ಓಡಬೇಕು, ಫೋನು ಬೇಡ ಎನ್ನುವವರಿಗೆ ಮಾತ್ರ ಇವು. ಒಳಗಿರುವುದು ಸಿಮ್ ಇಲ್ಲದ ಫೋನೇ. ಮೇಲಿನ ಭಾಗಾಕಾರದಲ್ಲಿ ಜೆಎಂ21 ಏಕೆ 200 ಮಿಲಿಆಂಪ್ ಎಳೆಯುತ್ತದೆ ಎಂಬುದಕ್ಕೆ ಉತ್ತರವೂ ಅದೇ. ಪೂರಾ ಒಂದು ಆಪರೇಟಿಂಗ್ ಸಿಸ್ಟಮ್ ಎದ್ದು ಕೂತಿರುತ್ತದೆ. ಸೋನಿ ಎ306 ಆಂಡ್ರಾಯ್ಡ್ ಇದ್ದೂ 36 ಗಂಟೆ ಹೇಗೆ ಮುಟ್ಟಿತು ಎಂದರೆ, ದೊಡ್ಡ ಹೆಡ್‌ಫೋನ್ ಎಳೆಯುವ ಬಲವನ್ನು ಬಿಟ್ಟುಕೊಟ್ಟು. 300 ಓಮ್ ಹೆಡ್‌ಫೋನಿಗೆ ಅದು ಹೇಳಿ ಮಾಡಿಸಿದ್ದಲ್ಲ. ಇಯರ್‌ಫೋನಿನವರಿಗೆ ಆ ಬಿಟ್ಟುಕೊಡುವಿಕೆಯಿಂದ ಲಾಭವೇ.

ಇವುಗಳ ಮೇಲಿನ ಮುಖ್ಯ ದೂರು ಹಾಡದೆ ಸುಮ್ಮನಿದ್ದಾಗಿನ ಸೋರಿಕೆ. ವೈ-ಫೈ ಆನ್ ಇಟ್ಟು ಮೇಜಿನ ಮೇಲೆ ಬಿಟ್ಟರೆ ಆ್ಯಪ್‌ಗಳು ಅಪ್‌ಡೇಟ್ ಹುಡುಕುತ್ತ, ಸಿಂಕ್ ಮಾಡುತ್ತ ಬ್ಯಾಟರಿ ಇಳಿಸುತ್ತವೆ. ವಾರಕ್ಕೆರಡು ಸಲ ಮಾತ್ರ ಕೇಳುವವರು ಪೂರ್ತಿ ಆಫ್ ಮಾಡುವ ಅಭ್ಯಾಸ ಮಾಡಿಕೊಳ್ಳಬೇಕು. ಬ್ಯಾಟರಿ ಅಂಟಿಸಿ ಮುಚ್ಚಿರುತ್ತದೆ. ಇಪ್ಪತ್ತು ಸಾವಿರ ದಾಟಿದ ಯಂತ್ರದ ಆಯಸ್ಸು ಅದರ ಬ್ಯಾಟರಿಯ ಆಯಸ್ಸೇ ಎಂದು ತಿಳಿದು ಕೊಳ್ಳಿ. ಯುರೋಪ್ ಒಕ್ಕೂಟದ ನಿಯಮ 2027ರ ಫೆಬ್ರವರಿಯಿಂದ ಬ್ಯಾಟರಿಯನ್ನು ಬಳಕೆದಾರರೇ ಬದಲಿಸುವಂತಿರಬೇಕು ಎನ್ನುತ್ತದೆ. ಅವಸರವಿಲ್ಲದವರು ಕಾಯಬಹುದಾದ ಕಾರಣ ಅದು.

ಹಳೇ ಐಪಾಡ್

ಕ್ಲಾಸಿಕ್ 2014ರಲ್ಲಿ, ಕೊನೆಯ ಐಪಾಡ್ ಟಚ್ 2022ರಲ್ಲಿ ನಿಂತುಹೋದವು. ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ಮೂಲ ಬ್ಯಾಟರಿಯೇ ಇದ್ದರೆ ಡಬ್ಬದ ಗಂಟೆಯನ್ನು ಮರೆತುಬಿಡಿ, ಹತ್ತು ವರ್ಷ ದಾಟಿದ ಸೆಲ್ ಅದು. ಆದರೆ ರಿಪೇರಿ ಬಲ್ಲವರ ಕೈಗೆ ಸಿಕ್ಕರೆ ಇದರಷ್ಟು ಓಡುವ ಪ್ಲೇಯರ್ ಇನ್ನೊಂದಿಲ್ಲ. ಒಳಗಿನ ಹಾರ್ಡ್ ಡಿಸ್ಕ್ ತೆಗೆದು ಎಸ್‌ಡಿ ಕಾರ್ಡ್ ಅಡಾಪ್ಟರ್ ಹಾಕಿದರೆ ಎರಡು ಲಾಭ. ತಿರುಗುವ ಡಿಸ್ಕಿನ ಖರ್ಚು ಉಳಿಯಿತು, ಅದು ಖಾಲಿ ಮಾಡಿದ ಜಾಗದಲ್ಲಿ 3000 ಎಂಎಎಚ್‌ವರೆಗಿನ ಬ್ಯಾಟರಿ ಕೂರುತ್ತದೆ.

ಡಿಸ್ಕ್ ಇರುವ ಐಪಾಡನ್ನೇ ಬಳಸುವವರು ಅದರ ಕೆಲಸದ ರೀತಿ ತಿಳಿದಿರಬೇಕು. ಅದು ಮುಂದಿನ ಹಾಡುಗಳನ್ನು ಒಟ್ಟಿಗೆ ಮೆಮೊರಿಗೆ ತುಂಬಿಕೊಂಡು ಡಿಸ್ಕನ್ನು ಮಲಗಿಸುತ್ತದೆ. ಹಾಡು ಹಾರಿಸುತ್ತ ಹೋದರೆ ತುಂಬಿಕೊಂಡದ್ದು ವ್ಯರ್ಥ, ಡಿಸ್ಕ್ ಮತ್ತೆ ಏಳಬೇಕು. ಫೈಲ್ ದೊಡ್ಡದಾದಷ್ಟೂ ಮೆಮೊರಿ ಬೇಗ ಖಾಲಿಯಾಗಿ ಡಿಸ್ಕ್ ಪದೇಪದೇ ತಿರುಗುತ್ತದೆ. ಒಂದು ಆಲ್ಬಮ್ ಹಾಕಿ ಸುಮ್ಮನೆ ಕೇಳುವವರಿಗೆ ಸಿಗುವ ಗಂಟೆ ಚಂಚಲ ಮನಸ್ಸಿನವರಿಗೆ ಸಿಗದು.

ಬಿಚ್ಚುವ ವಿಚಾರದಲ್ಲಿ ಒಂದು ಎಚ್ಚರಿಕೆ. ಪ್ಲಾಸ್ಟಿಕ್ ಮುಖದ 5ನೇ ತಲೆಮಾರಿನದನ್ನು ತೆಳು ಪ್ಲಾಸ್ಟಿಕ್ ಪಟ್ಟಿಯಲ್ಲಿ ಮೀಟಿ ತೆಗೆಯಬಹುದು. ಲೋಹದ ಮುಖದ ಕ್ಲಾಸಿಕ್ ಹಟಮಾರಿ, ಅಂಚು ಡೊಂಕಾಗದೆ ಬಿಚ್ಚಿದವರು ಕಡಿಮೆ. ಎರಡರಲ್ಲೂ ಹಿಂಬದಿ ತಟ್ಟೆಗೆ ಬ್ಯಾಟರಿ ಮತ್ತು ಜಾಕ್‌ನ ರಿಬ್ಬನ್ ಕೇಬಲ್ ಅಂಟಿರುತ್ತವೆ. ಪುಸ್ತಕ ತೆರೆದಂತೆ ಒಮ್ಮೆಲೇ ಎಳೆದರೆ ಹರಿದೇ ಹೋಗುತ್ತವೆ.

ಸ್ಪೀಕರ್ ಪೆಟ್ಟಿಗೆಗಳು

ಮನೆಯ ಹಿರಿಯರಿಗೆ ಕೊಡಿಸಬೇಕೆಂದಾಗ ಮೊದಲು ನೆನಪಾಗುವುದು ಸಾರೆಗಮ ಕಾರವಾನ್. 2017ರಲ್ಲಿ 5000 ಹಿಂದಿ ಹಾಡು ತುಂಬಿಕೊಂಡು ಬಂದ ಇದಕ್ಕೆ ಕಂಪನಿ ಹೇಳುವ ಬ್ಯಾಟರಿ ಲೆಕ್ಕ 5 ಗಂಟೆಯಷ್ಟು. ಕನ್ನಡ ಹಾಡುಗಳ ಕಾರವಾನ್ ಮಿನಿ ಕೂಡ ಇದೆ. ಐದು ಗಂಟೆ ಕೇಳಿ ಮೂಗು ಮುರಿಯಬೇಡಿ. ಇದು ದೇವರಮನೆಯ ಪಕ್ಕದ ಪ್ಲಗ್‌ಗೆ ಚುಚ್ಚಿಟ್ಟು ಕೇಳುವ ಯಂತ್ರ, ಬ್ಯಾಟರಿ ಇರುವುದು ಜಗಲಿಗೆ ಒಯ್ಯಲು. ಮೆನು ಹುಡುಕದೆ ಗುಂಡಿ ತಿರುಗಿಸಿದರೆ ಹಾಡು ಬರುತ್ತದೆ ಎನ್ನುವ ಸುಖಕ್ಕೆ ಕೊಡುವ ದುಡ್ಡು ಅದು.

ಬಸ್ ಸ್ಟ್ಯಾಂಡಿನಲ್ಲಿ ಸಿಗುವ, ಮೆಮೊರಿ ಕಾರ್ಡ್ ಮತ್ತು ಪೆನ್ ಡ್ರೈವ್ ಹಾಕುವ ಎಫ್‌ಎಂ ಪೆಟ್ಟಿಗೆಗಳದ್ದು ಬೇರೆ ಕಥೆ. ಹೆಚ್ಚಿನವಕ್ಕೆ ಹಳೇ ನೋಕಿಯಾದ ಬಿಎಲ್-5ಸಿ ಬ್ಯಾಟರಿ. ಅಸಲಿಯಾದರೆ 1020 ಎಂಎಎಚ್, 3.7 ವೋಲ್ಟ್, ಗುಣಿಸಿದರೆ 3.8 ವ್ಯಾಟ್-ಅವರ್. ಮುಕ್ಕಾಲು ವ್ಯಾಟ್ ಎಳೆಯುವ ವಾಲ್ಯೂಮ್‌ನಲ್ಲಿ 5 ಗಂಟೆ. ಪೆಟ್ಟಿಗೆಯ ಜತೆ ಬರುವ ನಕಲಿ ಬ್ಯಾಟರಿಯಲ್ಲಿ ಅದರ ಅರ್ಧ. ಒಳ್ಳೆಯ ಕಂಪನಿಯ ಎರಡು ಬಿಎಲ್-5ಸಿ ಕೊಂಡು ಅದಲುಬದಲು ಮಾಡುವುದೇ ಇದರ ಮದ್ದು.

18650 ಸೆಲ್ ಹಾಕುವ ಪೆಟ್ಟಿಗೆ ಸಿಕ್ಕರೆ ಅದನ್ನೇ ಆರಿಸಿ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಈ ಸೆಲ್‌ನಲ್ಲಿ ನಿಜಕ್ಕೂ ಇರುವುದು 2000ದಿಂದ 3500 ಎಂಎಎಚ್. ಮೇಲೆ 9900 ಎಂದು ಅಚ್ಚು ಹಾಕಿದ್ದರೆ ಸುಳ್ಳು, ಮುಟ್ಟಬೇಡಿ. ಪತ್ತೆ ಮಾಡುವ ಸುಲಭ ದಾರಿ ತಕ್ಕಡಿ: ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, ಟೊಳ್ಳು ಸೆಲ್ 30ರ ಹತ್ತಿರವೇ ನಿಲ್ಲುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ಸೆಲ್ ಹಾಕುವ ಯಂತ್ರಗಳು

ಎಎಎ ಸೆಲ್‌ನ ಎಂಪಿ3 ಪ್ಲೇಯರ್‌ಗಳು ಅಂಗಡಿಗಳಿಂದ ಮಾಯವಾಗಿವೆ. ಅವುಗಳ ಜಾಗದಲ್ಲಿ ಯಾರೂ ಯೋಚಿಸದ ಒಂದು ವಸ್ತು ಉಳಿದಿದೆ, ವಾಯ್ಸ್ ರೆಕಾರ್ಡರ್. ಸೋನಿ ಐಸಿಡಿ-ಪಿಎಕ್ಸ್470 ಎರಡು ಎಎಎ ಸೆಲ್‌ಗಳಲ್ಲಿ ಎಂಪಿ3 ರೆಕಾರ್ಡಿಂಗ್‌ಗೆ 55 ಗಂಟೆ ಎನ್ನುತ್ತದೆ. ಮೆಮೊರಿ ಕಾರ್ಡ್ ಹಾಕಬಹುದು, ಇಯರ್‌ಫೋನ್ ಚುಚ್ಚಿ ಹಾಡು ಕೇಳಬಹುದು. ಸಂಗೀತ ಕಲಿಯುವವರಿಗೆ ಪಾಠ ರೆಕಾರ್ಡ್ ಮಾಡಲೂ ಆಯಿತು. ಕರೆಂಟಿಲ್ಲದ ಮಳೆಗಾಲದಲ್ಲಿ ಊರಿನ ಅಂಗಡಿಯಲ್ಲಿ ಸೆಲ್ ಸಿಗುವವರೆಗೂ ಇದು ಹಾಡುತ್ತದೆ.

ಕ್ಷಾರೀಯ ಎಎಎ ಸೆಲ್‌ನಲ್ಲಿ ಸಾವಿರ ಎಂಎಎಚ್‌ಗೆ ಸ್ವಲ್ಪ ಮೇಲೆ, ರೀಚಾರ್ಜ್ ಮಾಡುವ ನಿಕಲ್ ಸೆಲ್‌ನಲ್ಲಿ 750ರಿಂದ 800. ನಿಕಲ್ ಸೆಲ್ 1.2 ವೋಲ್ಟ್ ಆದ್ದರಿಂದ ತುಂಬಿದ್ದರೂ ಪರದೆಯ ಮೇಲೆ ಅರ್ಧ ಎಂದು ತೋರಿಸಬಹುದು. ಹೆದರಬೇಡಿ, ಮೆನುವಿನಲ್ಲಿ ಬ್ಯಾಟರಿ ಬಗೆ ಬದಲಿಸುವ ಆಯ್ಕೆ ಇದ್ದರೆ ಬದಲಿಸಿ. ಅಗ್ಗದ ಜಿಂಕ್ ಸೆಲ್ ಗಡಿಯಾರಕ್ಕಿರಲಿ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ಹೊರಗೆ ತೆಗೆದಿಡಿ. ಸೋರಿ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಕಡ್ಡಿಗೆ ನಿಂಬೆರಸ ಮುಟ್ಟಿಸಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ. ಸೋರಿದ್ದು ಕ್ಷಾರ, ಹುಳಿಗೆ ಕರಗುತ್ತದೆ.

ಯಾವುದನ್ನು ಕೊಂಡರೂ ಕಾಡುವ ಎಡವಟ್ಟುಗಳು

ಯುಎಸ್‌ಬಿ-ಸಿ ಇದೆ, ಆದರೂ ಚಾರ್ಜ್ ಆಗುತ್ತಿಲ್ಲ: ಅಗ್ಗದ ಪ್ಲೇಯರ್‌ಗಳಲ್ಲಿ ಪೋರ್ಟ್‌ನ ಹಿಂದೆ ಇರಬೇಕಾದ 5.1 ಕಿಲೋಓಮ್‌ನ ಎರಡು ಪುಟ್ಟ ರೆಸಿಸ್ಟರ್‌ಗಳನ್ನು ಹಾಕಿರುವುದಿಲ್ಲ. ಎರಡೂ ತುದಿ ಸಿ ಇರುವ ಕೇಬಲ್‌ನಲ್ಲಿ ಚಾರ್ಜರ್‌ಗೆ ಅತ್ತ ಯಂತ್ರ ಇದೆ ಎಂಬುದೇ ತಿಳಿಯುವುದಿಲ್ಲ. ಹಳೇ ಅಗಲ ತುದಿಯ ಎ-ಯಿಂದ-ಸಿ ಕೇಬಲ್ ಹಾಕಿ, ಆಗುತ್ತದೆ.

ಪವರ್ ಬ್ಯಾಂಕ್ ಅರ್ಧ ನಿಮಿಷದಲ್ಲಿ ಆಫ್: ಸಣ್ಣ ಪ್ಲೇಯರ್ ಎಳೆಯುವ ವಿದ್ಯುತ್ ಕಡಿಮೆಯಾದಾಗ ಪವರ್ ಬ್ಯಾಂಕ್ ಏನೂ ಚುಚ್ಚಿಲ್ಲ ಎಂದುಕೊಂಡು ನಿಲ್ಲುತ್ತದೆ. ಇಯರ್‌ಬಡ್ಸ್‌ಗೆಂದೇ ಇರುವ ಕಡಿಮೆ ಕರೆಂಟ್ ಮೋಡ್ ಇರುವ ಪವರ್ ಬ್ಯಾಂಕ್ ಆರಿಸಿ, ಗುಂಡಿಯನ್ನು ಎರಡು ಸಲ ಒತ್ತಿದರೆ ಬರುವುದು ಸಾಮಾನ್ಯ. 10,000 ಎಂಎಎಚ್ ಎಂದು ಬರೆದದ್ದರಲ್ಲಿ 5 ವೋಲ್ಟ್‌ಗೆ ಏರಿಸುವ ನಷ್ಟ ಕಳೆದು ಕೈಗೆ ಸಿಗುವುದು 6000 ಮಾತ್ರ. ಎಕೋ ಮಿನಿಯಂಥದ್ದನ್ನು ಐದು ಸಲ ತುಂಬಿಸಲು ಅಷ್ಟು ಸಾಕು.

ಡ್ರಾಯರ್‌ನಲ್ಲಿಟ್ಟದ್ದು ಏಳಲೇ ಇಲ್ಲ: ಪೂರ್ತಿ ಖಾಲಿಯಾದ ಲಿಥಿಯಂ ಬ್ಯಾಟರಿಯನ್ನು ತಿಂಗಳುಗಟ್ಟಲೆ ಬಿಟ್ಟರೆ ವೋಲ್ಟೇಜ್ ತೀರ ಕೆಳಗಿಳಿದು ರಕ್ಷಣಾ ಸರ್ಕ್ಯೂಟ್ ಬಾಗಿಲು ಹಾಕಿಕೊಳ್ಳುತ್ತದೆ. ಅರ್ಧ ಚಾರ್ಜ್ ಮಾಡಿ ಇಡಿ, ಮೂರು ತಿಂಗಳಿಗೊಮ್ಮೆ ನೋಡಿ. ಪೂರ್ತಿ ತುಂಬಿ ಬಿಸಿಲಿನ ಕಾರಿನ ಡ್ಯಾಶ್‌ಬೋರ್ಡ್ ಮೇಲಿಡುವುದು ಇದಕ್ಕಿಂತ ಕೆಟ್ಟದ್ದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಅದು ಬ್ಯಾಟರಿಯನ್ನು ಸುಡುವುದೇ ಸರಿ.

ಬ್ಯಾಟರಿ ಬದಲಿಸಲು ಹೊರಟರೆ ಹಳೆಯದರ ಮೇಲಿನ ಆರಂಕಿ ಓದಿ. 503040 ಎಂದರೆ 5.0 ಮಿ.ಮೀ. ದಪ್ಪ, 30 ಅಗಲ, 40 ಉದ್ದ. ಅಂಗಡಿಯಲ್ಲಿ ಈ ಸಂಖ್ಯೆ ಹೇಳಿದರೆ ಸಾಕು. ಎರಡು ತಂತಿಯದೋ ಮೂರರದೋ ನೋಡಿಕೊಳ್ಳಿ, ಮೂರನೆಯದು ಬಿಸಿ ಅಳೆಯುವುದಕ್ಕೆ. ಕತ್ತರಿಸುವಾಗ ಒಂದೊಂದೇ ತಂತಿ ಕತ್ತರಿಸಿ. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯ ಲೋಹವೇ ಶಾರ್ಟ್ ಮಾಡುತ್ತದೆ.

ಹಾಗಾದರೆ ಕೊಳ್ಳುವುದು

ದುಡ್ಡೇ ಹಾಕಬಾರದೆಂದರೆ ಹಳೇ ಫೋನು, ಏರ್‌ಪ್ಲೇನ್ ಮೋಡ್‌ನಲ್ಲಿ. ಮೂರು ನಾಲ್ಕು ಸಾವಿರದೊಳಗೆ, ದನಿಯ ನಯಕ್ಕಿಂತ ಗಂಟೆಯೇ ಮುಖ್ಯವೆಂದರೆ ಕೀಪ್ಯಾಡ್ ಫೋನು ಮತ್ತು ಒಂದು ಹೆಚ್ಚುವರಿ ಬ್ಯಾಟರಿ. ಓದುವ ಮಕ್ಕಳಿಗೆ ಕ್ಲಿಪ್ ಸ್ಪೋರ್ಟ್ ಅಥವಾ ಎಕೋ ಮಿನಿ. ವೈ-ಫೈ ಇಲ್ಲ, ಚಾರ್ಜ್ ವಾರಕ್ಕೆರಡು ಸಲ. ಫ್ಲ್ಯಾಕ್ ಸಂಗ್ರಹವಿದ್ದು ಹತ್ತು ಸಾವಿರದ ಆಚೆಗೆ ಹೋಗಬಲ್ಲವರಿಗೆ ಎಂ0 ಪ್ರೊ. ಸ್ಟ್ರೀಮಿಂಗ್ ಬೇಕೇ ಬೇಕು, ಇಯರ್‌ಫೋನ್ ಸಾಕು ಎನ್ನುವವರಿಗೆ ಎ306. ದೊಡ್ಡ ಹೆಡ್‌ಫೋನ್ ಇದ್ದರೆ ಹೆಚ್ಚು ಬಲದ ಆಂಡ್ರಾಯ್ಡ್ ಪ್ಲೇಯರ್ ಕೊಂಡು 12 ಗಂಟೆಗೆ ಒಗ್ಗಿಕೊಳ್ಳಬೇಕು. ಹಿರಿಯರಿಗೆ, ಪಕ್ಕದಲ್ಲಿ ಪ್ಲಗ್ ಇದ್ದರೆ ಕಾರವಾನ್. ಪ್ಲಗ್ ಇಲ್ಲದ ಕಡೆ 18650 ಪೆಟ್ಟಿಗೆ.

ಕೊಂಡ ಕೂಡಲೇ, ವಾಪಸು ಮಾಡುವ ಅವಧಿ ಮುಗಿಯುವ ಮೊದಲು ಒಮ್ಮೆ ಅಳೆದುಬಿಡಿ. ಗಡಿಯಾರ ನೋಡುತ್ತ ಕೂರಬೇಕಿಲ್ಲ. ಸರಿಯಾಗಿ ಒಂದು ಗಂಟೆಯ ಎಂಪಿ3 ಫೈಲ್ ಒಂದನ್ನು ಮಾಡಿ (ಯಾವುದೋ ಕಛೇರಿಯ, ಪ್ರಸಂಗದ ತುಂಡಾದರೂ ಸರಿ), ಅದರ ನಲವತ್ತು ಪ್ರತಿಗಳಿಗೆ 01ರಿಂದ 40ರವರೆಗೆ ಹೆಸರಿಡಿ. ಪೂರ್ತಿ ಚಾರ್ಜ್ ಮಾಡಿ, ಸ್ಲೀಪ್ ಟೈಮರ್ ಮತ್ತು ಆಟೋ ಪವರ್ ಆಫ್ ತೆಗೆದು, ನಿಮ್ಮದೇ ಇಯರ್‌ಫೋನ್ ಚುಚ್ಚಿ, ನೀವು ಕೇಳುವ ವಾಲ್ಯೂಮ್‌ನಲ್ಲಿ ಶುರು ಮಾಡಿ ಬಿಡಿ. ಪ್ಲೇಯರ್ ತಾನಾಗಿ ನಿಂತ ಮೇಲೆ ಚಾರ್ಜಿಗೆ ಹಾಕಿ ಆನ್ ಮಾಡಿದರೆ, ಕೊನೆಗೆ ಹಾಡಿದ ಫೈಲಿನ ಸಂಖ್ಯೆಯೇ ಗಂಟೆ. ನಿಂತ ಜಾಗ ನೆನಪಿಡದ ಮಾದರಿಯಾದರೆ ಮಾತ್ರ ಪಕ್ಕದಲ್ಲಿ ಫೋನಿನ ರೆಕಾರ್ಡರ್ ಓಡಿಸಿ. ಡಬ್ಬದ ಅಂಕಿಗಿಂತ ನೂರಕ್ಕೆ ಹತ್ತಿಪ್ಪತ್ತು ಭಾಗ ಕಡಿಮೆ ಬಂದರೆ ಅದು ನಿಮ್ಮ ವಾಲ್ಯೂಮ್‌ನ ಲೆಕ್ಕ. ಅರ್ಧಕ್ಕಿಂತ ಕಡಿಮೆ ಬಂದರೆ ಡಬ್ಬಕ್ಕೆ ಹಾಕಿ ವಾಪಸು ಕಳಿಸಿ.